ಆರಿಸಿ ಬರೆದ ಬಿಪಿ

ನಮ್ಮ ಈರಪ್ಪ ಮಾಮಾನ ಬಿಪಿ ನಾಲ್ಕು ವಾರ ಅಲ್ಲಾಡಲೇ ಇಲ್ಲ. ಬೆಳಿಗ್ಗೆ 128/82. ಸಂಜೆ 126/80. ಮರುದಿನ 128/80. ಸ್ಕೇಲ್ ಹಿಡಿದು ಗೆರೆ ಎಳೆದ ನೋಟ್‌ಬುಕ್ಕು, ಒಂದೂ ಚಿತ್ತಿಲ್ಲ, ಕಾಟಿಲ್ಲ. ಇಷ್ಟು ಶಿಸ್ತಿನ ರಕ್ತ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ.

ಮಾಮಾ ನನ್ನ ತಾಯಿಯ ತಮ್ಮ. ಊರು ರಬಕವಿ. ಮನೆಯ ಮುಂದಿನ ಅರ್ಧದಲ್ಲಿ ನಾಲ್ಕು ಪವರ್‌ಲೂಮು, ಹಿಂದಿನ ಅರ್ಧದಲ್ಲಿ ಸಂಸಾರ. ಆ ಸಪ್ಪಳದಲ್ಲಿ ನಲವತ್ತು ವರ್ಷ ಸೀರೆ ನೇಯ್ದವರಿಗೆ ಮೆತ್ತಗೆ ಮಾತಾಡುವುದು ಮರೆತೇ ಹೋಗಿದೆ. "ಚಾ ಕುಡೀತಿ?" ಎಂದು ಕೇಳಿದರೂ ಜಗಳಕ್ಕೆ ಕರೆದಂತಿರುತ್ತದೆ.

ಹೋದ ತಿಂಗಳು ಮಗ್ಗದ ಮುಂದೆ ತಲೆ ತಿರುಗಿ ಕೂತುಬಿಟ್ಟರು. ಬನಹಟ್ಟಿಯ ಡಾಕ್ಟರ್‌ಬಾಯಿ ನೋಡಿದರೆ ಬಿಪಿ ನೂರಾ ಎಪ್ಪತ್ತರ ಮೇಲೆ. ಒಂದು ಗುಳಿಗೆ ಶುರು ಮಾಡಿದರು. ಜೊತೆಗೆ ಪಾಠ.

"ಕಾಕಾ, ನಮ್ಮ ಏಷ್ಯಾದ ಮಂದಿಗಂತನ ಬ್ಯಾರೆ ಗೈಡ್‌ಲೈನ್ ಅದಾವ್ರಿ. ನಾವು ಉಪ್ಪು ಜಾಸ್ತಿ ತಿಂತೇವಿ. ಮುಂಜಾನೆ ಎದ್ದ ಕೂಡ್ಲೇ ಬಿಪಿ ಏರೋದೂ ನಮಗ ಜಾಸ್ತಿ. ಲಕ್ವಾ ಹೊಡಿಯೋ ಅಂಜಿಕೀನೂ ಜಾಸ್ತಿ."

"ಏಷ್ಯಾದಾಗ ರಬಕವಿನೂ ಬರತೈತೇನ್ರಿ?" ಅಂದರು ಮಾಮಾ.

"ನಡುಮಧ್ಯ ಬರತೈತಿ."

ಮಾಮಾನ ಹೆಂಡತಿ ಕಸ್ತೂರಿ ಅತ್ತಿ ನಕ್ಕಳು. ಮಾಮಾ ನಗಲಿಲ್ಲ.

ಡಾಕ್ಟರ್ ಹೇಳಿದ್ದು ಸರಳ. ಮನೆಗೊಂದು ಮಶೀನು ತನ್ನಿ. ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಗುಳಿಗೆ, ನಾಷ್ಟಾಕ್ಕಿಂತ ಮೊದಲು, ಐದು ನಿಮಿಷ ಬಾಯಿ ಮುಚ್ಚಿ ಕೂಡಿ. (ಐದು ನಿಮಿಷ! ನಮ್ಮ ಕಡೆ ಮಂದಿ ಮಾತಿಲ್ಲದೆ ಐದು ನಿಮಿಷ ಕೂತರೆ ಅಕ್ಕಪಕ್ಕದವರು ಓಡಿ ಬರುತ್ತಾರೆ.) ಆಮೇಲೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಎರಡನ್ನೂ ಬರೆಯಿರಿ. ಸಂಜೆ ಮತ್ತೆ ಹಾಗೇ.

ಹೋದ ವಾರ ನಾನು ಜಮಖಂಡಿಯಿಂದ ಹೋಗಿ ಒಂದು ರಾತ್ರಿ ಉಳಿದೆ. ಮರುದಿನ ಡಾಕ್ಟರಿಗೆ ತೋರಿಸುವುದಿತ್ತು. ಬೆಳಿಗ್ಗೆ, ಮಗ್ಗ ಶುರುವಾಗುವ ಮೊದಲು ಎದ್ದು ನೋಡಿದರೆ ಮಾಮಾ ತೋಳಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಮಶೀನು ಗುಂಯ್ ಅಂತು. 172. ಪೆನ್ನು ಮೇಲೇಳಲಿಲ್ಲ. ಮತ್ತೆ ಗುಂಡಿ ಒತ್ತಿದರು. 164. ಮತ್ತೆ. 158. ಎದ್ದು ನೀರು ಕುಡಿದು ಬಂದರು. ಒಂದು ಸಲ ಕಣ್ಣು ಮುಚ್ಚಿ, ಒಂದು ಸಲ ಮಲಗಿ, ಒಂದು ಸಲ ಎಡಗೈ ಬಿಟ್ಟು ಬಲಗೈಗೆ. ಎಂಟನೇ ಸಲ ಮಶೀನಿಗೇ ಬೇಸರ ಬಂತೋ ಏನೋ, 130 ತೋರಿಸಿತು. ಮಾಮಾ ನೋಟ್‌ಬುಕ್ ತೆರೆದು ನೀಟಾಗಿ ಬರೆದರು: 130/82.

"ಮಾಮಾ, ಉಳಿದ ಏಳು ಎಲ್ಲಿ ಹೋದ್ವು?"

ಬೆಚ್ಚಿಬಿದ್ದರು. ಆಮೇಲೆ ಸಿಟ್ಟು. "ಹುಚ್ಚಿ ಇದ್ದೀ ಏನಬೇ? ಸೀರಿ ಗಂಟ ಕಟ್ಟುವಾಗ ಡ್ಯಾಮೇಜ್ ಪೀಸ್ ಯಾರರ ಒಳಗ ಇಡತಾರೇನು? ಫಸ್ಟ್ ಕ್ವಾಲಿಟಿ ಅಷ್ಟ ಕಳಸೂದು. ಕೆಟ್ಟದ್ದು ಮನ್ಯಾಗ ಇಟ್ಕೋಬೇಕು."

ಇದಕ್ಕೆ ಏನು ಹೇಳುತ್ತೀರಿ?

ಕ್ಲಿನಿಕ್ಕಿನಲ್ಲಿ ಡಾಕ್ಟರ್ ನೋಟ್‌ಬುಕ್ ತಿರುವಿ ಹಾಕಿ ಖುಷಿಯಾದರು. ತೋಳಿಗೆ ಪಟ್ಟಿ ಕಟ್ಟಿದರೆ 168.

"ಕೆಲವ್ರಿಗೆ ನಮ್ಮನ್ನ ನೋಡಿದ್ರನ ಏರತೈತ್ರಿ. ಮನ್ಯಾಗಿಂದು ಛಲೋ ಐತಿ. ಇನ್ನೂ ಇಳದ್ರ ಗುಳಿಗಿ ಅರ್ಧ ಮಾಡೂಣಂತ."

ಮಾಮಾ ನನ್ನ ಕಡೆ ಗೆದ್ದವರಂತೆ ನೋಡಿದರು. ಲಕ್ವಾ ಹೊಡೆದರೆ ಮಗ್ಗದ ಮುಂದೆ ನಿಲ್ಲುವ ಕಾಲು ಹೋಗುತ್ತದೆ, ದಾರ ಗಂಟು ಹಾಕುವ ಕೈ ಹೋಗುತ್ತದೆ. ಬಾಯಿ ಬಿಟ್ಟೆ.

"ಡಾಕ್ಟ್ರೇ, ದಿನಾ ಎಷ್ಟು ಸಲ ನೋಡ್ಕೋತಾರ ಕೇಳ್ರಿ."

ಡಾಕ್ಟರ್ ಕನ್ನಡಕ ತೆಗೆದರು. "ಕಾಕಾ, ಇವತ್ತು ಎಷ್ಟು ಸಲ?"

"...ಎಂಟು."

"ಮೊದಲ್ನೇದು ಎಷ್ಟಿತ್ತು?"

"ನೂರಾ ಎಪ್ಪತ್ತೆರಡು." ಈ ಸಲ ಮಾಮಾನ ದನಿ ನನ್ನ ಜನ್ಮದಲ್ಲಿ ಕೇಳದಷ್ಟು ಮೆತ್ತಗಿತ್ತು.

ಜೊತೆಗೆ ಬಂದಿದ್ದ ಅತ್ತಿಯ ಮುಖ ಬಿಳಚಿಕೊಂಡಿತು. ತಿಂಗಳಿಡೀ ಉಪ್ಪಿಲ್ಲದ ಪಲ್ಲೆ ತಾನೂ ತಿಂದು, 'ನನ್ನ ಅಡಗಿಗೆ ಬಿಪಿ ಇಳದೈತಿ' ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು ಪಾಪ. "ನನಗೂ ಸುಳ್ಳ ಹೇಳಿದ್ರೆಲ್ಲ!"

"ಸುಳ್ಳ ಎಲ್ಲಿ ಹೇಳೇನಿ? ಆರಿಸಿ ಹೇಳೇನಿ."

"ನಾ ಉಪ್ಪು ಬಿಟ್ಟಿದ್ದು?"

"ಅದಕ್ಕ ನಾ ಮಗ್ಗದ ಕಡೆ ಕುಂತು ಶೇಂಗಾ ಹಿಂಡಿ, ಉಪ್ಪಿನಕಾಯಿ ತಿಂತಿದ್ದೆ..."

ಅತ್ತಿ ಅಲ್ಲೇ ಕುರ್ಚಿ ಎತ್ತುತ್ತಿದ್ದಳೋ ಏನೋ. ಡಾಕ್ಟರ್ ತಡೆದರು. ಬಯ್ಯಲಿಲ್ಲ. "ಕಾಕಾ, ನೀವು ಕಳಿಸಿದ ಛಲೋ ಪೀಸ್ ನನಗ ಏನ್ ಮಾಡೂದೈತಿ? ನಾ ರಿಪೇರಿಯಾಕಿ. ನನಗ ಡ್ಯಾಮೇಜ್ ಬೇಕು." ಗುಳಿಗೆ ಅರ್ಧವಾಗುವುದಿರಲಿ, ಇನ್ನೊಂದು ಸೇರಿತು. ಹಿಂಡಿ ಅನ್ನುವ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಹೆಸರು ಹಿಡಿದು ಬಂದ್ ಮಾಡಿದರು. ಬರೆಯುವ ಕೆಲಸ ಅತ್ತಿಯ ಕೈಗೆ.

ನಾವು ಮಾಮಾನನ್ನು ನೋಡಿ ನಗುತ್ತೇವೆ. ಸರಿ. ಆದರೆ ಡಾಕ್ಟರ್ ಮುಂದೆ "ವಾಕಿಂಗ್ ಮಾಡ್ತೀರಾ?" ಅಂದಾಗ "ಮಾಡ್ತೀನ್ರಿ" ಅನ್ನುವ ನಾವು, ವರ್ಷಕ್ಕೆ ಎಷ್ಟು ದಿನ ಅಂತ ಹೇಳುತ್ತೇವಾ? ಹತ್ತು ಫೋಟೋ ತೆಗೆದು ಒಂದನ್ನು ಫೇಸ್‌ಬುಕ್ಕಿಗೆ ಹಾಕುವವರು ನಾವೇ ತಾನೆ? ಒಂದೇ ವ್ಯತ್ಯಾಸ. ಫೋಟೋ ಆರಿಸಿದರೆ ಯಾರಿಗೂ ಲಕ್ವಾ ಹೊಡೆಯುವುದಿಲ್ಲ.

ನಿನ್ನೆ ಅತ್ತಿ ಹೊಸ ಪುಟದ ಫೋಟೋ ಕಳಿಸಿದ್ದಳು. 156, 152. ಅಕ್ಷರ ಸೊಟ್ಟ, ಒಂದು ಕಡೆ ಅರಿಶಿಣದ ಬೆರಳು ಒತ್ತಿದೆ. ಇಷ್ಟು ಚೆಂದದ ಬಿಪಿ ನಾನು ಕಂಡಿಲ್ಲ. ಹಿಂದೆಯೇ ಮಾಮಾನ ಫೋನು, ಎಂದಿನ ಮಗ್ಗದ ದನಿಯಲ್ಲಿ: "ಭಾಳ ಶ್ಯಾಣ್ಯಾಕಿ ಆಗೀಯಲ್ಲ, ನಿಂದು ಎಷ್ಟೈತಿ ಹೇಳು ನೋಡೂಣು!"

ನೋಡಿಕೊಂಡಿದ್ದೇನೆ, ಓದುಗರೇ. ಮೊದಲನೇ ಸಲದ್ದು ಹೇಳಲೋ, ಆರಿಸಿ ಹೇಳಲೋ?