ತಂಗಡಿಗೆ ನೀರು ಹಾಕಬೇಡಿ

ಬಿಳಿಕೆರೆಯ ನಮ್ಮ ಬೀದಿಯಲ್ಲಿ ಶಿವನಂಜಮ್ಮನಿಗೆ ಹೆದರದವರಿಲ್ಲ. ವಯಸ್ಸು ಅರವತ್ತೆಂಟು, ಕೈಯಲ್ಲಿ ಸದಾ ಕುಡುಗೋಲು, ಬಾಯಲ್ಲಿ ಸದಾ ಬೈಗುಳ. ಆದರೂ ದಿನಕ್ಕೊಮ್ಮೆ ಅವರ ಕೈಲಿ ಬೈಸಿಕೊಳ್ಳದಿದ್ದರೆ ನನಗಂತೂ ಏನೋ ಕಳೆದುಕೊಂಡಂತೆ.

ಬಸವಣ್ಣನ ಗುಡಿಯ ಪಕ್ಕದ ಕಲ್ಲುಭೂಮಿಯಲ್ಲಿ ಮೊದಲು ಊರಿನ ಕಸವೆಲ್ಲ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಅವರೊಬ್ಬರೇ ಅದನ್ನು ಹಸನು ಮಾಡಿ, ಬರಡು ನೆಲದಲ್ಲೂ ಹಳದಿ ಹೂ ಬಿಡುವ ತಂಗಡಿಯ ಬೀಜವನ್ನು ಬಿಸಿನೀರಲ್ಲಿ ನೆನೆಸಿ ಬಿತ್ತಿದರು. ಅಂಚಿಗೆ ಬಿಳಿ ಎಕ್ಕ ನೆಟ್ಟರು.

"ಮೇಕೆ ಮೂತಿ ಹಾಕಲ್ಲ, ಬಿಸ್ಲಿಗೆ ಬಾಡಲ್ಲ. ಇನ್ನೇನ್ ಬೇಕು?" ಎನ್ನುತ್ತಿದ್ದರು.

ಗಿಡವೇನೋ ಮೊಳಕಾಲುದ್ದ ಬಂತು, ಹೂ ಮಾತ್ರ ಇಲ್ಲ. ದಸರೆಯ ಹೊತ್ತಿಗೆ ಎಲೆಯೂ ಹಳದಿಯಾಯಿತು. ಗುಡಿಯ ಮುಖಂಡರಾದ ಚನ್ನಬಸವಣ್ಣನವರಿಗೆ ಅಲ್ಲಿ ಟೈಲ್ಸ್ ಹಾಕಿಸುವ ಆಸೆ. "ಸಂಕ್ರಾಂತಿಗಂಟ ನೋಡ್ತೀನಿ ಕಣಮ್ಮ. ಹೂ ಬುಡ್ನಿಲ್ಲ ಅಂದ್ರೆ ಕಿತ್ತಾಕುಸ್ತೀನಿ" ಎಂದುಬಿಟ್ಟರು.

ಅಂದು ಶಿವನಂಜಮ್ಮ ಯಾರನ್ನೂ ಬೈಯಲಿಲ್ಲ. ನನ್ನ ಹತ್ತಿರ ಮಾತ್ರ, "ಮನೆ ಕೆಲ್ಸನೆಲ್ಲ ಸೊಸೆನೇ ಮಾಡ್ತಾಳೆ ಪುಷ್ಪಾ. ನಂದು ಅಂತ ಇರೋದು ಇದೊಂದೇ ಕಣವ್ವ" ಎಂದರು.

ಅವರು ಸತ್ತ ಗಿಡವೊಂದನ್ನು ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಮಳೆ ನಿಂತು ವಾರವಾದರೂ ಮಣ್ಣು ತೇವ. ಯಾರು ನೀರು ಉಯ್ಯುತ್ತಿದ್ದಾರೆಂದು ಹಿಡಿಯಲು ಮರುದಿನ ಬೆಳಗ್ಗೆಯೇ ಗುಡಿ ಜಗಲಿಯ ಮೇಲೆ ಕಾದು ಕುಳಿತರು. ಮೊದಲು ಸಿಕ್ಕಿಬಿದ್ದವಳು ನಾನೇ, ಕೈಯಲ್ಲಿ ತಂಬಿಗೆ.

ಲಿಂಗಪೂಜೆಯ ನೀರನ್ನು ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ಈಗ ಎಲ್ಲರ ಮನೆ ಹಿತ್ತಿಲಿಗೂ ಸಿಮೆಂಟು ಬಿದ್ದಿದೆ, ಗಿಡ ಎಲ್ಲಿಂದ ತರೋಣ? ನನ್ನ ಹಿಂದೆಯೇ ಇನ್ನೂ ಒಂಬತ್ತು ಹೆಂಗಸರು ಒಂಬತ್ತು ತಂಬಿಗೆ ಹಿಡಿದು ಬಂದರು. ಪುಣ್ಯವೂ ಬಂತು, ಗಿಡವೂ ಉಳಿಯಿತು ಎಂದುಕೊಂಡು ದಿನಾ ಉಯ್ಯುತ್ತಿದ್ದೆವು.

"ನಿಮ್ ಭಕ್ತಿಗೆ ಬೇರೇ ಕೊಳ್ತೋಯ್ತಲ್ರೇ!" ಎಂದು ಶಿವನಂಜಮ್ಮ ತಲೆ ಚಚ್ಚಿಕೊಂಡರು. ಆದರೆ ಪೂಜೆಯ ನೀರು ಬೇಡ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಸಂಜೆಯೊಳಗೆ ಜಾಗದ ತಗ್ಗಿನ ಮೂಲೆಯಲ್ಲಿ ಒಂದು ಬಾಳೆಕಂದು ನೆಟ್ಟರು.

"ಬಾಯಾರಿರೋದು ಇದ್ಕೆ. ಎಷ್ಟಾರ ಉಯ್ಕಳಿ. ತಂಗಡಿ ತಂಟೆಗೆ ಬಂದ್ರೆ ಕೈ ಮುರೀತೀನಿ."

ಸಂಕ್ರಾಂತಿಯ ಬೆಳಗ್ಗೆ ಉಳಿದ ಗಿಡಗಳೆಲ್ಲ ರೆಂಬೆ ಕಾಣದಷ್ಟು ಹಳದಿ ಹೂ ಬಿಟ್ಟಿದ್ದವು. ಚನ್ನಬಸವಣ್ಣ ಬಂದು ನಿಂತು ನೋಡಿದರು, ಗಂಟಲು ಸರಿಮಾಡಿಕೊಂಡರು. "ಪೂಜೆಗೆ ನಾಕು ಹೂ ಕೊಡ್ತೀರಾ ಶಿವನಂಜಮ್ಮ?"

"ಕಿತ್ಕಳಿ. ಮೊಗ್ಗು ಮುಟ್ಬೇಡಿ."

ಚನ್ನಬಸವಣ್ಣ ಪೂಜೆ ಮುಗಿಸಿ ಹೊರಬಂದವರೇ, ಗಿಡದ ಮೇಲೆ ಪ್ರೀತಿ ಉಕ್ಕಿ, ತಂಬಿಗೆಯನ್ನು ತಂಗಡಿ ಬುಡಕ್ಕೆ ಬಗ್ಗಿಸಿದರು. ನಾವು ಹತ್ತು ಜನವೂ ಒಟ್ಟಿಗೆ ಕಿರುಚಿದೆವು: "ಅಯ್ಯೋ, ಬಾಳೆಗೆ!"

ಅವರು ಬೆಚ್ಚಿ ತಮ್ಮ ಕಾಲ ಮೇಲೇ ನೀರು ಸುರಿದುಕೊಂಡರು. ಶಿವನಂಜಮ್ಮ ಬೈಯಲು ಬಾಯಿ ತೆರೆದವರು, ನಮ್ಮನ್ನೆಲ್ಲ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಇನ್ಮ್ಯಾಲೆ ಇದು ನಂದೊಂದೇ ಅಲ್ಲ ಬುಡ್ರೇ" ಎಂದು ಕುಡುಗೋಲನ್ನು ನನ್ನ ಕೈಗೆ ಕೊಟ್ಟರು.