ರುಮಾಲಿಗೆ ಜಾಗವಿಲ್ಲದ ಕಾರು

ಆ ಕಾರನ್ನು ನೆನೆಸಿಕೊಂಡರೆ ಇಂದಿಗೂ ನನಗೆ ಹೇಸಿಗೆಯಾಗುತ್ತದೆ. ಕಾರೆಂದರೆ ನನಗಾಗದು ಎಂದಲ್ಲ. ಹಾನಗಲ್ಲಿನ ವಕೀಲರೊಬ್ಬರ ಹಳೆಯ ಕಪ್ಪು ಕಾರು ಸಂತೆಯ ದಿನ ಅಕ್ಕಿಆಲೂರಿಗೆ ಬರುತ್ತಿತ್ತು. ಕಾಳಿನ ಪೆಟ್ಟಿಗೆಯ ಹಾಗೆ ಚೌಕವಾಗಿ, ಎತ್ತರವಾಗಿತ್ತು. ಅದರೊಳಗೆ ಕೂತವರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತಷ್ಟೇ ನೆಟ್ಟಗೆ ಕೂತಿರುತ್ತಿದ್ದರು. ಅದಕ್ಕೊಂದು ಮರ್ಯಾದೆ ಇತ್ತು. ನಾನು ಹೇಳುವುದು ಅರವತ್ತರ ದಶಕದ ಆರಂಭದಲ್ಲಿ, ನನ್ನನ್ನು ಸೊಸೆ ಮಾಡಿಕೊಳ್ಳಲು ಬಂದ ಸವಣೂರಿನ ಹತ್ತಿ ವ್ಯಾಪಾರಿಯ ಕಾರಿನ ಮಾತು.

ಮುಂಬೈಯಿಂದ ತರಿಸಿದ ವಿಲಾಯತಿ ಗಾಡಿ ಅದು. ಮುಂದೆ ಈ ತುದಿಯಿಂದ ಆ ತುದಿಯವರೆಗೆ ಥಳಥಳಿಸುವ ಉಕ್ಕಿನ ಹಲ್ಲು. ನಿಂತಲ್ಲೇ ನಿಂತು ಕಂಡಕಂಡವರಿಗೆಲ್ಲ ಹಲ್ಲು ಕಿರಿಯುತ್ತಿತ್ತು. ಹಿಂದೆ ಮೇಲಕ್ಕೆ ಚಾಚಿದ ತಗಡಿನ ಎರಡು ಕೋಡು. ಕೋಡು ಮುಂದಿರಬೇಕೆಂದು ನಮ್ಮ ಮನೆಯ ಎಮ್ಮೆಗೂ ಗೊತ್ತು, ಆ ಗಾಡಿಯ ನಕ್ಷೆ ಬರೆದ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಮೇಲರ್ಧ ಬಿಳಿ, ಕೆಳಗರ್ಧ ಹಲ್ಲುಪುಡಿಯ ಗುಲಾಬಿ. ಉದ್ದವೋ ಉದ್ದ. ನಮ್ಮ ಓಣಿಯಲ್ಲಿ ಅದನ್ನು ತಿರುಗಿಸಲಾಗದೆ ಬಂದ ದಾರಿಯಲ್ಲೇ ಹಿಂದೆ ಹಿಂದೆ ಸರಿಸಿಕೊಂಡು ಹೋಗಬೇಕಾಯಿತು. ಎತ್ತಿನ ಗಾಡಿಗಳು ಓಡಾಡಿ ಆಳವಾದ ಜಾಡಿನಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜಿ ಕರಕರ ಎನ್ನುತ್ತಿತ್ತು.

ಊರಿನ ಗಂಡಸರೆಲ್ಲ ಭತ್ತದ ಗದ್ದೆ ಬಿಟ್ಟು ಬಂದು ಅದನ್ನು ಸುತ್ತುವರಿದರು. ಒಬ್ಬ ಸವರಿದ, ಒಬ್ಬ ಬಗ್ಗಿ ಅದರ ಹಲ್ಲಿನಲ್ಲಿ ತನ್ನ ಮೀಸೆ ನೋಡಿಕೊಂಡ. ವ್ಯಾಪಾರಿಯ ಮನೆಯವರು ಬಂದದ್ದು ಹೆಣ್ಣು ನೋಡಲು. ಆದರೆ ಆ ದಿನ ಊರಿನಲ್ಲಿ ಹೆಣ್ಣನ್ನು ನೋಡಿದವರಿಗಿಂತ ಕಾರನ್ನು ನೋಡಿದವರೇ ಹೆಚ್ಚು. ಹುಡುಗ ಕೆಟ್ಟವನಲ್ಲ. ಬಿಳಿಯ ಪ್ಯಾಂಟು ಹಾಕಿಕೊಂಡು ಬಂದಿದ್ದ. ನಾನು ಚಹಾ ಕೊಟ್ಟಾಗ ಒಮ್ಮೆ ಮುಖ ನೋಡಿದ, ಆಮೇಲೆ ಎದ್ದು ಹೋಗಿ ಅರಿವೆಯಿಂದ ಕಾರಿನ ಕನ್ನಡಿ ಒರೆಸುತ್ತ ನಿಂತ.

ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡೇ ಹೊರಗೆ ಕರೆದೊಯ್ದರು. "ಬಾರವ್ವಾ, ಒಳಗ ಕುಂತು ನೋಡು. ನಾಳೆ ನೀನ ಅಡ್ಡಾಡೂ ಗಾಡಿ ಇದು" ಎಂದರು. ಕೂತೆ. ಕೂತೆನೆಂದರೆ ಸರಿಯಲ್ಲ, ಇಳಿದೆ. ಬಾವಿಗೆ ಕಾಲು ಇಳಿಬಿಟ್ಟ ಹಾಗೆ ಕೆಳಗೆ, ಇನ್ನೂ ಕೆಳಗೆ. ಮೆತ್ತೆಗಳಿಗೆ ಹೊದಿಸಿ ಬಂದಿದ್ದ ಪ್ಲಾಸ್ಟಿಕ್ಕನ್ನು ತೆಗೆದಿರಲಿಲ್ಲ, ಹೊಲಸಾದೀತು ಎಂದು. ಬಿಸಿಲಿಗೆ ಅದು ಕಾದು ಸೀರೆಯ ಮೇಲಿಂದಲೇ ಮೈಗೆ ಅಂಟುತ್ತಿತ್ತು, ಅಲುಗಿದರೆ ಕಿರ್ರೆನ್ನುತ್ತಿತ್ತು. ಪ್ಲಾಸ್ಟಿಕ್ಕಿನ ವಾಸನೆ, ಪೆಟ್ರೋಲಿನ ವಾಸನೆ, ಯಾರದೋ ತಲೆಯೆಣ್ಣೆಯ ವಾಸನೆ. ಬೇಗ ಹೊರಗೆ ಬಂದೆ. ಇಷ್ಟೆಲ್ಲ ದುಡ್ಡು ಸುರಿದು ಜನ ಇದರಲ್ಲಿ ಏನು ಸುಖ ಕಾಣುತ್ತಾರೆ ಎಂದು ನನಗೆ ತಿಳಿಯಲಿಲ್ಲ. ಅವ್ವನಿಗೆ ಹೇಳಿದರೆ, "ಸುಮ್ಕಿರು, ಯಾರಾರ ಕೇಳ್ಯಾರು" ಎಂದು ಗದರಿಸಿದಳು.

ಅವರು ಹೆಣ್ಣನ್ನು ಒಪ್ಪಿದರು. ನಮ್ಮ ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಬೇಕು. ಅಲ್ಲಿ ಎಲೆ ಹಾಕಿಸಿಕೊಂಡು ಉಂಡು ಬಂದರೆ ಮಾತು ಗಟ್ಟಿಯಾದ ಹಾಗೆ. ಎಂಟು ದಿನ ಬಿಟ್ಟು ಅಪ್ಪನನ್ನು ಸವಣೂರಿಗೆ ಕರೆದೊಯ್ಯಲು ವ್ಯಾಪಾರಿ ತಾನೇ ಕಾರು ತೆಗೆದುಕೊಂಡು ಬಂದ.

ಅಪ್ಪ ಅಂದು ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಕೆಂಪು ರುಮಾಲು ಸುತ್ತಿದ್ದ. ನಮ್ಮ ಮಾತಿನಲ್ಲಿ ಪಟಗಾ. ನಮ್ಮ ಅಪ್ಪನಷ್ಟು ಚಂದ ಪಟಗಾ ಸುತ್ತುವವರು ಸುತ್ತ ನಾಲ್ಕು ಊರಿನಲ್ಲಿ ಇರಲಿಲ್ಲ. ಮಳೆ ಬರಲಿ, ಬಿಸಿಲು ಬರಲಿ, ಮನೆಯ ಹೊಸ್ತಿಲು ದಾಟಿದರೆ ತಲೆಯ ಮೇಲೆ ಅದು ಇರಲೇಬೇಕು. ಗಂಡಸು ಬರಿತಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ. ನಾನು ಅಪ್ಪನ ಬರಿತಲೆಯನ್ನು ಹೊರಗೆ ಕಂಡದ್ದು ಅಜ್ಜ ತೀರಿಕೊಂಡ ದಿನ ಒಂದೇ ಸಲ.

ಅಪ್ಪ ಕಾರಿನ ಬಾಗಿಲಿಗೆ ಹೋದ, ಬಗ್ಗಿದ. ರುಮಾಲು ಮೇಲಿನ ತಗಡಿಗೆ ಬಡಿಯಿತು. ಹಿಂದೆ ಸರಿದ, ಇನ್ನಷ್ಟು ಬಗ್ಗಿದ, ಮತ್ತೆ ಬಡಿಯಿತು. ಈ ಸಲ ರುಮಾಲು ಓರೆಯಾಗಿ ಒಂದು ಸುತ್ತು ಬಿಚ್ಚಿ ಹೆಗಲ ಮೇಲೆ ಜೋತುಬಿತ್ತು. ವ್ಯಾಪಾರಿ ಗಟ್ಟಿಯಾಗಿ ನಕ್ಕ.

"ಪಟಗಾ ತಗದು ತೊಡಿ ಮ್ಯಾಲ ಇಟ್ಕೋರಿ ಬೀಗರ. ಹೊಸಾ ನಮೂನಿ ಗಾಡಿ ಹಿಂಗ ಇರ್ತಾವ್ರಿ. ಮುಂಬೈದಾಗ ಪಟಗಾ ಸುತ್ತಾವ್ರು ಯಾರದಾರ ಈಗ?"

ನೋಡಲು ನಿಂತವರೂ ನಕ್ಕರು. ಅಪ್ಪ ನನಗೆ ಬೆನ್ನು ಮಾಡಿ ನಿಂತಿದ್ದ. ಎರಡೂ ಕೈಯೆತ್ತಿ ರುಮಾಲು ತೆಗೆದ. ನಡುನೆತ್ತಿಯ ಬಕ್ಕ, ಸುತ್ತಲಿನ ತೆಳ್ಳನೆಯ ಬಿಳಿಗೂದಲು ಇಡೀ ಓಣಿಗೆ ಕಂಡವು. ಒಳಗೆ ನುಸುಳಿ, ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು, ಆ ಅಂಟು ಪ್ಲಾಸ್ಟಿಕ್ಕಿನ ಮೇಲೆ ಮುದುಡಿ ಕೂತ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅವ್ವ ಕಣ್ಣಿಗೆ ಸೆರಗು ಒತ್ತಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ದೊಡ್ಡವರನ್ನು ತಲೆ ಬಗ್ಗಿಸಿ, ತಲೆ ಬರಿದು ಮಾಡಿಸಿ ಒಳಗೆ ಕರೆದುಕೊಳ್ಳುವ ಗಾಡಿ ಎಂಥ ಗಾಡಿ? ನೋಡುವವರ ಕಣ್ಣಿಗೆ ಉದ್ದಕ್ಕೆ, ತಗ್ಗಾಗಿ, ಚಿಗರೆಯ ಹಾಗೆ ಓಡುವಂತೆ ಕಾಣಲಿ ಎಂದು ಯಾವನೋ ಚಾವಣಿಯನ್ನು ಒಂದು ಗೇಣು ಇಳಿಸಿದ. ಒಳಗೆ ಕೂರುವವನಿಗೂ ಒಂದು ತಲೆ ಇದೆ ಎಂಬುದನ್ನೇ ಮರೆತ. ಮರೆತದ್ದಕ್ಕೆ ಚಂದ ಎಂದು ಹೆಸರಿಟ್ಟರು. ಥೂ!

ಹೊಸ್ತಿಲು ದಾಟಿ ಓಡಿಹೋಗಿ ಕಾರಿನ ಕಿಟಕಿ ಹಿಡಿದೆ. "ಅಪ್ಪಾ, ಇಳಿ. ತಲಿ ಬರಿದು ಮಾಡ್ಕೊಂಡು ಹೋಗಿ ನೋಡೂವಂಥಾ ಮನಿ ನನಗ ಬ್ಯಾಡ."

ಅಪ್ಪ ನನ್ನನ್ನೇ ನೋಡಿದ. "ಒಳಗ ನಡಿಯವ್ವಾ, ಏನಾಗಿಲ್ಲ" ಎಂದ.

ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ವ್ಯಾಪಾರಿಯ ಕಡೆ ತಿರುಗಿ, "ನಿಮ್ಮ ಕಾರಿನ್ಯಾಗ ನಮ್ಮಪ್ಪನ ಪಟಗಾಕ್ಕ ಜಾಗಾ ಇಲ್ಲ ಅಂದ್ರ, ನಿಮ್ಮ ಮನ್ಯಾಗ ನನಗೂ ಜಾಗಾ ಬ್ಯಾಡ್ರಿ" ಎಂದುಬಿಟ್ಟೆ. ಮತ್ತೆ ಅಪ್ಪನಿಗೆ, "ಇಳೀತೀಯೋ ಇಲ್ಲೋ?" ಎಂದೆ.

ಅಪ್ಪ ನಿಧಾನವಾಗಿ ಇಳಿದ. ವ್ಯಾಪಾರಿ ಕೆಂಪಗಾಗಿ, "ಹುಡುಗೀನ ಭಾಳ ಸಲಿಗಿ ಕೊಟ್ಟು ಬೆಳಸೀರಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ಕಾರು ಹಲ್ಲು ಕಿರಿಯುತ್ತಲೇ ಹಿಂದೆ ಸರಿದು, ನಮ್ಮ ಕಟ್ಟೆಯ ಮೂಲೆ ಕೆಡವಿ ಹೋಯಿತು.

ಆಮೇಲೆ ನಾನು ಊರಿಗೆಲ್ಲ ಗಂಡುಬೀರಿಯಾದೆ. ಎರಡು ವರ್ಷ ಯಾರೂ ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಬರಲಿಲ್ಲ. ಅವ್ವ ದಿನಕ್ಕೊಂದು ಸಲ ನನ್ನ ನಾಲಗೆಗೆ ಶಾಪ ಹಾಕುತ್ತಿದ್ದಳು. ಅಪ್ಪ ಮಾತ್ರ ಒಂದು ಮಾತೂ ಬೈಯಲಿಲ್ಲ. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದೆ. ಅಪ್ಪನ ಮಾನ ಉಳಿಸಿದವಳು ನಾನು ಎಂಬ ಬಿಂಕ ನನ್ನಲ್ಲಿತ್ತು. ಯಾರಾದರೂ ಆ ಮಾತು ತೆಗೆದರೆ ಕಾರಿನ ಹಲ್ಲು, ಕೋಡು, ಬಣ್ಣ ಎಲ್ಲವನ್ನೂ ಆಡಿಕೊಂಡು ನಗಿಸುತ್ತಿದ್ದೆ. ಕೊನೆಗೆ ಹಿರೇಕೆರೂರಿನ ಕಡೆಯ ಸಂಬಂಧ ಕೂಡಿಬಂತು. ಮಾಸೂರಿನ ಶಾಲೆಯ ಮಾಸ್ತರು, ಸೈಕಲ್ ಮೇಲೆ ಓಡಾಡುವವರು. ನನಗೆ ಅವರ ಸೈಕಲ್ಲೇ ಚಂದ ಕಂಡಿತು.

ಮದುವೆಯಾಗಿ ನಾಲ್ಕೈದು ವರ್ಷದ ಮೇಲೆ ಶಿಗ್ಗಾಂವಿಯಲ್ಲಿ ನಂಟರ ಮನೆಯ ಮದುವೆ. ಅಪ್ಪನೂ ನಾನೂ ಉಂಡು ಹೊರಟು, ಹಾನಗಲ್ಲಿನ ಬಸ್ಸಿಗೆ ಕಾಯುತ್ತಿದ್ದೆವು. ರಸ್ತೆಯಾಚೆ ಗಾಡಿ ರಿಪೇರಿ ಮಾಡುವ ಶೆಡ್ಡಿನ ಮುಂದೆ ಅದು ನಿಂತಿತ್ತು. ಗಾಲಿಗಳಿಲ್ಲದೆ ಕಲ್ಲಿನ ಮೇಲೆ ಕೂತಿತ್ತು. ಗುಲಾಬಿ ಬಣ್ಣ ಹೊಪ್ಪಳೆ ಎದ್ದಿತ್ತು, ಎರಡು ಹಲ್ಲು ಬಿದ್ದಿದ್ದವು. ನೋಡಿ ನನಗೆ ಒಳ್ಳೆಯ ಖುಷಿಯೇ ಆಯಿತು. ಅಪ್ಪ ರಸ್ತೆ ದಾಟಿದ, ನಾನು ಹಿಂದೆ ಹೋದೆ.

"ಸವಣೂರ ಸಾವಕಾರ್‍ದು. ಸಾಮಾನ ಸಿಗವಲ್ವು, ಹಂಗ ಬಿದ್ದೈತಿ" ಎಂದ ಮಿಸ್ತ್ರಿ.

ಅಪ್ಪ ಹೆಗಲ ಮೇಲಿನ ವಲ್ಲಿಯಿಂದ ಅದರ ಮೂತಿಯ ಧೂಳು ಒರೆಸಿದ. ಒಮ್ಮೆ ಸುತ್ತು ಬಂದ. ಆಮೇಲೆ ಮಿಸ್ತ್ರಿಯನ್ನು ಕೇಳಿದ: "ಒಳಗ ಒಂದೀಟು ಕುಂದರ್ಲೇನಪಾ?"

ಅವನು ಹೂಂ ಎಂದ. ಅಪ್ಪ ಎರಡೂ ಕೈಯಿಂದ ರುಮಾಲನ್ನು ಎತ್ತಿ ತೆಗೆದು, ಜತನವಾಗಿ ನನ್ನ ಕೈಗೆ ಕೊಟ್ಟ. ನಡುಹಗಲು, ಬಸ್ಸಿಗೆ ನಿಂತ ಜನರೆಲ್ಲ ನೋಡುತ್ತಿದ್ದರು. ಅವನು ಒಳಗೆ ಸರಿದು, ಹಿಂದಕ್ಕೆ ಒರಗಿ, ಕಾಲು ಚಾಚಿ ಕಣ್ಣು ಮುಚ್ಚಿದ.

"ಅವತ್ತ ಇದರಾಗ ಸವಣೂರತನಕ ಹೋಗಬೇಕಂತ ಭಾಳ ಆಸೆ ಇತ್ತವ್ವಾ" ಎಂದ.

ನನಗೆ ತಡೆಯಲಾಗಲಿಲ್ಲ. "ಅಂವ ಎಲ್ಲಾರ ಮುಂದ ನಕ್ಕನಲ್ಲ, ನಿನಗೇನೂ ಅನ್ನಿಸಲಿಲ್ಲೇನು?"

"ನಾನೂ ನಕ್ಕಿದ್ನಲ್ಲ. ನೀ ನನ್ನ ಮಾರಿ ಎಲ್ಲಿ ನೋಡಿದಿ?" ಕಣ್ಣು ತೆರೆಯದೆಯೇ ಹೇಳಿದ. "ಪಟಗಾದ್ದೇನೈತಿ, ಇಳದ ಮ್ಯಾಲ ಮತ್ತ ಸುತ್ಕೊಂತಿದ್ದೆ. ನೀನ ಎಲ್ಲಾರ ಮುಂದ ಇಳಿ ಇಳಿ ಅಂದು, ಸಣ್ಣ ಹುಡುಗನ್ನ ಇಳಿಸಿದಂಗ ಇಳಿಸಿದಿ."

ಹಾನಗಲ್ಲಿನ ಬಸ್ಸು ಬಂತು. ಕಂಡಕ್ಟರ್ ಕೂಗುತ್ತಿದ್ದ, ಜನ ಹತ್ತುತ್ತಿದ್ದರು. ನಾನು ರುಮಾಲು ಹಿಡಿದುಕೊಂಡು ಕಾರಿನ ಕಿಟಕಿಯ ಪಕ್ಕ ನಿಂತೇ ಇದ್ದೆ. ಇಳಿ ಎನ್ನಲು ನನಗೆ ಬಾಯಿ ಬರಲಿಲ್ಲ.