ಲಿಂಗ ಹಿಡಿಯುವ ಕೈಗೆ ಮಸಿ

ಓಟಿನ ಚೀಟಿಯನ್ನು ಉಪ್ಪಿನ ಜಾಡಿಯ ಕೆಳಗೆ ಇಟ್ಟಿದ್ದೆ. ಇವತ್ತೇ ಓಟು. ಮಂಡಿ ನೋವು, ಈ ಸಲ ಹೋಗುವುದು ಬೇಡ ಎಂದುಕೊಂಡಿದ್ದೆ. ಬೆಳಿಗ್ಗೆ ಉಪ್ಪು ತೆಗೆಯುವಾಗ ಚೀಟಿ ಕೈಗೆ ಅಂಟಿಕೊಂಡಿತು, ನಮ್ಮತ್ತೆ ನೆನಪಾದಳು. ಆಕೆ ನೆನಪಾದರೆ ಸುಮ್ಮನೆ ಕೂರಲು ಬಿಡುವವಳಲ್ಲ. ಬದುಕಿದ್ದಾಗಲೂ ಬಿಟ್ಟಿಲ್ಲ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಕೂಡಿಸಿ ಕೂಡಿಸಿ ಬರೆಯುತ್ತೇನೆ, ನೀವೂ ನಿಧಾನವಾಗಿ ಓದಿ.

ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಬಂದದ್ದು ಚಾಮರಾಜನಗರದ ಈ ಹಳ್ಳಿಗೆ; ಉಮ್ಮತ್ತೂರು ಇಲ್ಲಿಂದ ಒಂದು ಹರದಾರಿ. ಬಂದ ಮಾರನೇ ವರ್ಷವೇ ದೇಶದ ಮೊದಲ ಚುನಾವಣೆ. ನನಗೆ ಓಟಿನ ವಯಸ್ಸಾಗಿರಲಿಲ್ಲ. ಅತ್ತೆಗೆ ವಯಸ್ಸಿತ್ತು, ಮನಸ್ಸಿರಲಿಲ್ಲ. ಅವರೆಕಾಯಿ ಕಾಲ ಬೇರೆ. ಕಾಳು ಹಿದುಕುವುದು ಬಿಟ್ಟು ಓಟಿಗೆಂದು ಉಮ್ಮತ್ತೂರಿನವರೆಗೆ ಯಾಕೆ ನಡೆಯಬೇಕು ಎನ್ನುತ್ತಿದ್ದಳು.

ಹಿಂದಿನ ದಿನ ಕೊನೆಮನೆ ಯಜಮಾನ ಬಂದ. ಊರಿನಲ್ಲಿ ಹೆಚ್ಚು ಹೊಲ ಅವನದು, ಹೆಚ್ಚು ಮಾತೂ ಅವನದೇ. ಜಗಲಿಯ ಮೇಲೆ ಕೂತು, "ನೀನ್ಯಾಕವ್ವ ನಡೀತೀಯೆ? ಮನೇಲಿರು. ನಿನ್ ಓಟ ನಮ್ಮನೆಯವಳು ಆಕ್ಬುಟ್ಟು ಬತ್ತಾಳೆ" ಎಂದ, ಉಪಕಾರ ಮಾಡುವವನ ಹಾಗೆ.

ಅತ್ತೆ ಕಾಳಿನಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಯಾರ ಎಂಡ್ತಿ ಅಂತ ಕೇಳ್ತಾರಂತೆ ಕಣಪ್ಪ. ನಿನ್ ಎಂಡ್ತಿ ನನ್ ಗಂಡನ್ನ ತೋರುಸ್ತಾಳಾ?"

ಒಳಗೆ ಮಾವನಿಗೆ ಕೆಮ್ಮು ಬಂತು. ಯಜಮಾನ ಟವಲು ಕೊಡವಿಕೊಂಡು ಎದ್ದು ಹೋದ. ಅತ್ತೆ ಬೇಳೆಯ ಬಟ್ಟಲನ್ನು ನನ್ನ ಕಡೆ ತಳ್ಳಿ, "ನಾಳೆ ನೀನೂ ಬಾ ಅಮ್ಮಿ. ನಾನ್ ಓಗ್ದಿದ್ರೆ ನನ್ ಜಾಗ್ದಲ್ಲಿ ಇನ್ನೊಬ್ಬಳು ನಿಂತ್ಕತಾಳೆ" ಎಂದಳು.

ಉಮ್ಮತ್ತೂರಿನ ಶಾಲೆಯ ಮುಂದೆ ಹೆಂಗಸರ ಸಾಲು. ನಾನು ಬಾಗಿಲ ಬಳಿ ನಿಂತೆ. ಒಳಗೆ ಮಸಿ ಬಳಿಯಲು ಕೂತಿದ್ದವರು ನಮ್ಮ ಗುಂಡ್ಲುಪೇಟೆ ಕಡೆಯ ಮೇಷ್ಟ್ರು. ಎಡಗೈ ಕೊಡಿ ಎಂದರು. ಅತ್ತೆ ಮುಷ್ಟಿ ಕಟ್ಟಿ ಸೆರಗಿನೊಳಗೆ ಹಾಕಿಕೊಂಡಳು. ದಿನಾ ಬೆಳಿಗ್ಗೆ ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರು ನಾವು. ಮಸಿ ಹಿಡಿದ ಪಾತ್ರೆಯನ್ನೂ ಆಕೆ ಆ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಅವೆಲ್ಲ ನನ್ನ ಪಾಲು.

"ಇದು ಲಿಂಗ ಹಿಡಿಯೋ ಕೈ ಮೇಷ್ಟ್ರೇ. ಬಲಗೈಗೆ ಬಳೀರಿ."

"ಎಡಗೈಗೇ ಬಳೀಬೇಕು ಅಂತ ಏಳವ್ರೆ ಅವ್ವಾ. ಮಸಿ ಇಲ್ದೆ ಚೀಟಿ ಕೊಡಂಗಿಲ್ಲ."

"ತೊಳುದ್ರೆ ಓಯ್ತದಾ?"

"ಓಗ್ಬಾರ್ದು ಅಂತಲೇ ಬಳ್ಯಾದು. ಒಬ್ರೇ ಎರಡ್ಸಲ ಬಂದ್ರೆ ಗೊತ್ತಾಗ್ಲಿ ಅಂತ."

ಹಿಂದಿನವರು ಗೊಣಗತೊಡಗಿದರು. ಅತ್ತೆ ಸಾಲು ಬಿಟ್ಟು ಬಾಗಿಲವರೆಗೆ ಬಂದಳು. ನನಗೆ ಒಳಗೊಳಗೇ ಸಂತೋಷ, ಬೇಗ ಮನೆಗೆ ಹೋದರೆ ಸಾರು ಬಿಸಿಯಾಗಿರುತ್ತದೆ ಎಂದು. ಹೊರಗಿನ ಸಾಲಿನಲ್ಲಿ ಕೊನೆಮನೆ ಯಜಮಾನನ ಹೆಂಡತಿ ನಿಂತಿದ್ದಳು. ಅತ್ತೆಯನ್ನು ಕಂಡವಳೇ ಸೆರಗನ್ನು ಮುಂದಕ್ಕೆಳೆದುಕೊಂಡಳು. ಅತ್ತೆ ಅವಳನ್ನು ಒಂದು ಸಲ ನೋಡಿ, ಹಾಗೇ ತಿರುಗಿ ಒಳಗೆ ಹೋಗಿ, ಮೇಜಿನ ಮೇಲೆ ಎಡಗೈ ಇಟ್ಟಳು.

"ಬಳೀರಿ. ಶಿವುನ್ಗೆ ನಾನ್ ಏಳ್ಕತೀನಿ."

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪರದೆಯ ಹಿಂದೆ. ಯಾವ ಪೆಟ್ಟಿಗೆಗೆ ಹಾಕಿದಿರಿ ಎಂದು ದಾರಿಯಲ್ಲಿ ಕೇಳಿದೆ. "ನಿಮ್ಮೂರ್ ಕಡೆಯೋರ್ಗೆ ನನ್ ಕೈ ಕೊಟ್ಟಾಯ್ತು, ಬಾಯೂ ಬೇಕಾ? ಸುಮ್ನೆ ನಡಿಯಮ್ಮಿ" ಎಂದಳು. ಸಾಯುವವರೆಗೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ಬೆರಳು ಉಜ್ಜಿದಳು. ಮಸಿ ಹೋಗಲಿಲ್ಲ. ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಆಮೇಲೆ, "ನೋಡ್ಕಪ್ಪ, ಕದ್ದ ಓಟಲ್ಲ, ನಂದೇ" ಎಂದು ವಿಭೂತಿ ಹಚ್ಚಿದಳು. ಆ ಬೆರಳಿಗೂ ಒಂದಿಷ್ಟು ಮೆತ್ತಿತು.

ಮುಂದಿನ ಚುನಾವಣೆಗೆ ನನ್ನ ಹೆಸರೂ ಪಟ್ಟಿಯಲ್ಲಿತ್ತು. ಅತ್ತೆಯೇ ನನ್ನ ಎಡಗೈ ಎಳೆದು ಮೇಜಿನ ಮೇಲೆ ಇಟ್ಟಳು.

ಈಗ ಚೀಟಿ, ಫೋಟೋ ಎಲ್ಲ ಇವೆ, ಇನ್ನೊಬ್ಬರ ಹೆಸರಲ್ಲಿ ಹೋಗುವುದು ಸುಲಭವಲ್ಲ. ಆದರೂ ನಾನು ಮನೆಯಲ್ಲಿ ಕೂತರೆ ನನ್ನ ಮಾತನ್ನೂ ಸೇರಿಸಿ ಬೇರೆಯವರೇ ಆಡಿಬಿಡುತ್ತಾರೆ. ಚೀಟಿಯ ಉಪ್ಪು ಒರೆಸಿ ಸೊಂಟಕ್ಕೆ ಸಿಕ್ಕಿಸಿದೆ.

"ಮಂಡಿ ನೋವು ಅಂದಿದ್ಯಲ್ಲ ಅಜ್ಜಿ" ಎಂದಳು ಮೊಮ್ಮಗಳು.

"ಮಸಿ ಮಂಡಿಗೆ ಬಳೀತಾರಾ? ಆಟೋ ಕರಿಯಮ್ಮಿ" ಎಂದೆ.